ಎರಡು ಹಿಡಿಯ ಗರಗಸ

"ಬುದ್ಧಿ, ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ. ನನ್ನ ಕೆಲಸವನ್ನ ಯಾರ ತಲೆಗೂ ಕಟ್ಟಿಲ್ಲ. ಆದರೂ ನನ್ನ ಜೊತೆ ಕೆಲಸಕ್ಕೆ ಯಾರೂ ಯಾಕೆ ನಿಲ್ಲೋದಿಲ್ಲ?"

ಕೇಳಿದವನು ಗುರುಮಲ್ಲ. ಮಠದ ದಾಸೋಹದ ಅಡುಗೆಮನೆಯನ್ನು ಹನ್ನೊಂದು ವರ್ಷದಿಂದ ನೋಡಿಕೊಂಡು ಬಂದ ಶಿಷ್ಯ. ಹಿಂದಿನ ವಾರವಷ್ಟೇ ಸೇರಿದ್ದ ಇಬ್ಬರು ಅಡುಗೆಯವರು ಆ ದಿನ ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋಗಿದ್ದರು. ಅವನೊಬ್ಬನೇ ಇನ್ನೂರು ಎಲೆಗೆ ಬೇಯಿಸಿ, ಬಡಿಸಿ, ಪಾತ್ರೆ ಬೋರಲು ಹಾಕಿ ಬಂದಿದ್ದ. ಕಣ್ಣು ಹೊಗೆಗೆ ಕೆಂಪಾಗಿತ್ತು.

"ಬೈದೆಯಾ ಅವರನ್ನ?" ಎಂದರು ಹಿರಿಯ ಸ್ವಾಮಿಗಳು.

"ಒಂದು ಮಾತು ಅಂದಿಲ್ಲ ಬುದ್ಧಿ. ಅವರು ಹೆಚ್ಚಿದ ಕಾಯಿ ದಪ್ಪ ಆಗಿತ್ತು. ನಾನೇ ಸುಮ್ಮನೆ ಕೂತು ಮತ್ತೆ ಹೆಚ್ಚಿಕೊಂಡೆ. ಇನ್ನು ನನ್ನ ಕೈಲಾಗಲ್ಲ. ಅಡುಗೆಮನೆಯಿಂದ ನನ್ನನ್ನ ಬಿಡಿಸಿಬಿಡಿ."

ಸ್ವಾಮಿಗಳಿಗೂ ವಯಸ್ಸಾಗಿತ್ತು. ದಣಿದವನ ಮುಂದೆ ಉದ್ದುದ್ದ ಉಪದೇಶ ಮಾಡುವ ಚಪಲ ಅವರಿಗೆ ಎಂದೋ ಬಿಟ್ಟುಹೋಗಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಲು ಕೈ ತೋರಿಸಿದರು. ಅವನು ಕೂತ ಮೇಲೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮರ ಕೊಯ್ಯುವವನಿದ್ದ. ಅವನ ಹತ್ತಿರ ಆಳುದ್ದದ ಗರಗಸವಿತ್ತು. ಅದಕ್ಕೆ ಎರಡು ತುದಿಗೂ ಒಂದೊಂದು ಹಿಡಿ. ದಿಮ್ಮಿಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು ಕೂತು ಕೊಯ್ಯಬೇಕು. ಕೆಲಸ ಕಷ್ಟದ್ದಾದರೂ ಅದರ ನಿಯಮ ಬಹಳ ಸುಲಭ. ನಿನ್ನ ಸರದಿಯಲ್ಲಿ ನಿನ್ನ ಕಡೆಗೆ ಎಳೆದುಕೊಳ್ಳುವುದು. ಎಳೆದಾದ ಮೇಲೆ ಕೈ ಸಡಿಲ ಬಿಡುವುದು. ಆಗ ಆ ಕಡೆಯವರು ಎಳೆದುಕೊಳ್ಳುತ್ತಾರೆ. ಹಿಡಿಯ ಮೇಲೆ ನಿನ್ನ ಕೈ ಇರುತ್ತದೆ, ಕೈಯಲ್ಲಿ ಬಲ ಇರುವುದಿಲ್ಲ. ಅಷ್ಟು ಹೊತ್ತು ನಿನ್ನ ತೋಳಿಗೆ ಬಿಡುವು. ಹೀಗೆ ದಿನವಿಡೀ ಕೊಯ್ದರೂ ಅರ್ಧ ದಿನದ ಕೆಲಸ, ಅರ್ಧ ದಿನದ ವಿಶ್ರಾಂತಿ. ಅದಕ್ಕೇ ಆ ಕೆಲಸದವರು ಮುದುಕರಾಗುವ ತನಕ ಕೊಯ್ಯುತ್ತಿದ್ದರು.

ಇವನಿಗೆ ಕೆಲಸ ಕಲಿಸಿದವನು ಇವನ ಅಪ್ಪನೇ. ಹದಿನೈದು ವರ್ಷ ಅಪ್ಪ ಮಗ ಒಂದೇ ಗರಗಸ ಹಿಡಿದರು. ಒಂದು ವರ್ಷ ಅಪ್ಪನಿಗೆ ಜ್ವರ ಬಂತು. ತಿಂಗಳ ಮೇಲೆ ಎದ್ದು ಬಂದು, ಸವೆದುಹೋಗಿದ್ದ ತನ್ನ ಕಡೆಯ ಹಿಡಿಗೆ ಹೊಸದು ಹಾಕಿಸಿಕೊಂಡನಾದರೂ ತೋಳಿನಲ್ಲಿ ಮೊದಲಿನ ಕಸುವಿರಲಿಲ್ಲ. ಮಗನಿಗೆ ಅದು ಮೊದಲನೆಯ ದಿಮ್ಮಿಯಲ್ಲೇ ಗೊತ್ತಾಯಿತು. ಅವನು ತನ್ನ ಸರದಿ ಎಳೆದಾದ ಮೇಲೆ ಕೈ ಸಡಿಲ ಬಿಡುವ ಬದಲು ಗರಗಸವನ್ನು ಅಪ್ಪನ ಕಡೆಗೆ ಮೆಲ್ಲಗೆ ತಳ್ಳಿದ. ಅಪ್ಪ ಎಳೆಯುವ ಮೊದಲೇ ಹಿಡಿ ಅಪ್ಪನ ಎದೆಯ ಹತ್ತಿರ ಹೋಗಿರುತ್ತಿತ್ತು.

ಎಳೆಯುವುದೂ ಇವನೇ, ತಳ್ಳುವುದೂ ಇವನೇ. ಬಿಡುವಿನ ಹೊತ್ತು ಹೊರಟುಹೋಯಿತು. ಸಂಜೆಯ ಹೊತ್ತಿಗೆ ತುತ್ತು ಬಾಯಿಗೆತ್ತಲು ಆಗದಷ್ಟು ಭುಜ ಸೋಲುತ್ತಿತ್ತು. ಆದರೂ ಅವನಿಗೆ ಒಳಗೊಳಗೇ ಹೆಮ್ಮೆ. ಅಪ್ಪನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡ. ಒಂದು ವರ್ಷವಾಗುವ ಮೊದಲೇ ಅಪ್ಪ, ಭುಜ ನೋವು ಕಣಪ್ಪಾ ಎಂದು ಹೇಳಿ ಗರಗಸ ಬಿಟ್ಟ. ಜಗಲಿಯ ಮೇಲೆ ಎರಡು ವರ್ಷ ಕೂತಿದ್ದು ತೀರಿಕೊಂಡ.

ಅಪ್ಪ ಹೋದ. ತಳ್ಳುವ ಕೈ ಮಾತ್ರ ಹೋಗಲಿಲ್ಲ.

ಆ ಕಡೆಯ ಹಿಡಿಗೆ ಬೇರೆಯವರು ಬಂದರು. ಮೊದಲು ಬಂದವನು ಗಟ್ಟಿ ಆಳು. ಎರಡು ತಿಂಗಳಲ್ಲಿ, ನಮ್ಮೂರಲ್ಲೇ ಕೆಲಸ ಸಿಕ್ಕಿದೆ ಎಂದು ಹೋದ. ಅವನ ಊರಲ್ಲಿ ಮರವೇ ಇರಲಿಲ್ಲ, ಬರೀ ಕಲ್ಲುಬಂಡೆ. ಎರಡನೆಯವನಿಗೆ ಸೊಂಟ ಹಿಡಿಯಿತು. ಮರು ವಾರ ಸಂತೆಯಲ್ಲಿ ಅವನು ಮೂಟೆ ಹೊರುತ್ತಿದ್ದುದನ್ನು ಇವನೇ ಕಣ್ಣಾರೆ ನೋಡಿದ. ಮೂರನೆಯವನು ನೆಪ ಹುಡುಕುವ ಗೋಜಿಗೂ ಹೋಗಲಿಲ್ಲ. ನೀರು ಕುಡಿದು ಬರುತ್ತೇನೆ ಎಂದವನು ದಿಮ್ಮಿಯ ಮೇಲೆ ಟವೆಲ್ಲನ್ನೂ ಬಿಟ್ಟು ಹೋದ.

ನಾಲ್ಕು ವರ್ಷದಲ್ಲಿ ಏಳು ಜನ. ಏಳು ಜನವೂ ಸೋಮಾರಿಗಳು ಎಂದು ಇವನು ತೀರ್ಮಾನಿಸಿದ. ಅವರಿಗೆ ಎಳೆಯುವ ಕಷ್ಟವನ್ನೂ ಕೊಟ್ಟಿರಲಿಲ್ಲವಲ್ಲ, ಆದರೂ ನಿಲ್ಲಲಿಲ್ಲ ಎಂದರೆ ಇನ್ನೇನು ಹೇಳುವುದು? ಲೋಕದಲ್ಲಿ ದುಡಿಯುವವನು ತಾನೊಬ್ಬನೇ ಎನಿಸಿಬಿಟ್ಟಿತು. ಹಾಗೆ ಅನಿಸತೊಡಗಿದವನಿಗೆ ದಣಿವು ದುಪ್ಪಟ್ಟಾಗುತ್ತದೆ. ಇವನಿಗೂ ಆಯಿತು. ಬೆಳಿಗ್ಗೆ ಎದ್ದಾಗಲೇ ಸಾಕಾಗಿರುತ್ತಿತ್ತು.

ಮನೆಯಲ್ಲಿಯೂ ಇದೇ ಕತೆ. ಹೆಂಡತಿ ಒಲೆ ಹಚ್ಚಿದರೆ ಇವನು ಹೋಗಿ ಸೌದೆ ಸರಿಮಾಡುತ್ತಿದ್ದ. ಅವಳು ಎಮ್ಮೆ ಕಟ್ಟಿದ ಗಂಟನ್ನು ಬಿಚ್ಚಿ ಇನ್ನೊಮ್ಮೆ ಕಟ್ಟುತ್ತಿದ್ದ. ಅವಳು ನೆರೆಯವಳಿಗೆ ಏನಾದರೂ ಹೇಳಲು ಹೊರಟರೆ ಅರ್ಧಕ್ಕೇ ಮಾತು ಹಿಡಿದು ಇವನೇ ಮುಗಿಸುತ್ತಿದ್ದ. ಗದರುವ ಗಂಡನಲ್ಲ ಅವನು. ಅವಳಿಗೆ ಕೆಲಸ ಹಗುರಾಗಲಿ ಎಂದೇ ಮಾಡುತ್ತಿದ್ದ. ಒಳ್ಳೆಯ ಗಂಡ ಎಂದು ಊರವರೂ ಹೊಗಳುತ್ತಿದ್ದರು. ಅವಳು ಮದುವೆಯಾಗಿ ಬಂದಾಗ ವಾಚಾಳಿಯಾಗಿದ್ದಳು. ಬರಬರುತ್ತಾ ಮಾತು ಕಡಿಮೆಯಾಗಿತ್ತು.

ಏಳನೆಯವನೂ ಹೋದ ವಾರವೇ ಮರದ ವ್ಯಾಪಾರಿಯೊಬ್ಬ ಇಪ್ಪತ್ತು ಹುಣಸೆಯ ದಿಮ್ಮಿ ತಂದು ಅಂಗಳದಲ್ಲಿ ಉರುಳಿಸಿದ. ಮಳೆಗಾಲ ಹಿಡಿಯುವ ಮೊದಲು ತುಂಡಾಗಬೇಕು ಎಂದ. ಎರಡನೆಯ ಆಳಿಲ್ಲದ್ದನ್ನು ನೋಡಿ, "ಒಬ್ಬನಿಗೆ ಈ ಕೆಲಸ ಕೊಡೋಕಾಗಲ್ಲ ಕಣಪ್ಪ. ಜೊತೆ ಇದ್ರೆ ಇಟ್ಕೋ, ಇಲ್ದಿದ್ರೆ ನಾಡಿದ್ದು ಗಾಡಿ ತಂದು ಹೇರ್ಕೊಂಡು ಹೋಗ್ತೀನಿ" ಎಂದ. ಊರಲ್ಲಿ ಕೇಳಲು ಇನ್ನು ಯಾರೂ ಉಳಿದಿರಲಿಲ್ಲ. ಆಗ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು ಆ ಕಡೆಯ ಹಿಡಿಯ ಮುಂದೆ ಕೂತಳು. ವ್ಯಾಪಾರಿ ಒಮ್ಮೆ ಅವಳನ್ನೂ ಒಮ್ಮೆ ಇವನನ್ನೂ ನೋಡಿ, ಆಗಲಿ ಎಂದು ಹೋದ.

ಹೆಂಡತಿ ಕೂತಳಲ್ಲ ಎಂದು ಇವನಿಗೆ ಸಂತೋಷವಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಬಳೆ ತೊಟ್ಟ ಕೈಗೆ ಹುಣಸೆಯ ದಿಮ್ಮಿಯೇ? ಅವಳಿಗೆ ಒಂದಿಷ್ಟೂ ನೋವಾಗಬಾರದು ಎಂದು ಹಲ್ಲು ಕಚ್ಚಿ ಎಳೆದ, ಹಲ್ಲು ಕಚ್ಚಿ ತಳ್ಳಿದ. ಎರಡು ದಿನ ಹೀಗೇ ನಡೆಯಿತು. ಗರಗಸ ಮತ್ತೆ ಮತ್ತೆ ದಿಮ್ಮಿಯೊಳಗೆ ಸಿಕ್ಕಿಕೊಳ್ಳುತ್ತಿತ್ತು. ಅವನು ಇನ್ನಷ್ಟು ಬಲ ಹಾಕುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಅವಳು ಹಿಡಿ ಬಿಟ್ಟು ಎದ್ದು ನಿಂತಳು.

"ನಾಳೆಯಿಂದ ನಾನು ಬರೋದಿಲ್ಲ."

ಅವನು ಬೆವರು ಒರೆಸಿಕೊಂಡ. "ಕೈ ನೋಯ್ತೇನೆ?"

"ಕೈ ನೋಯ್ತಿಲ್ಲ. ಅದೇ ನನ್ನ ಕಷ್ಟ" ಎಂದಳು. ಕಣ್ಣಲ್ಲಿ ನೀರಿತ್ತು. "ಮೂರು ದಿನದಿಂದ ಕೂತಿದೀನಿ. ಒಂದು ಸಲವಾದ್ರೂ ನನಗೆ ಎಳೆಯೋಕೆ ಬಿಟ್ರಾ? ನಾನು ಎಳೀಬೇಕು ಅನ್ನೋ ಹೊತ್ತಿಗೆ ನೀವು ತಳ್ಳಿರ್ತೀರಿ. ಒಲೆ ಹತ್ರಾನೂ ಹೀಗೇ, ಎಮ್ಮೆ ಹತ್ರಾನೂ ಹೀಗೇ. ಈ ಮನೇಲಿ ನಾನು ಮಾಡಿದ್ದು ಅಂತ ಒಂದು ಕೆಲಸ ಇಲ್ಲ."

"ನಿನಗೆ ಕಷ್ಟ ಆಗಬಾರದು ಅಂತ ಅಲ್ವೇನೆ ನಾನು..."

"ಮಾವನಿಗೂ ಕಷ್ಟ ಆಗಬಾರದು ಅಂತಲೇ ಮಾಡಿದ್ರಿ. ಅವರು ಭುಜ ನೋವಿಗೆ ಗರಗಸ ಬಿಟ್ರು ಅಂದ್ಕೊಂಡಿದೀರಾ? ನನ್ನ ಹತ್ರ ಏನಂದ್ರು ಗೊತ್ತಾ? ಹಿಡಿ ಹಿಡ್ಕೊಂಡು ನಿಲ್ಲೋಕೆ ನಾನ್ಯಾಕಮ್ಮಾ, ಒಂದು ಗೂಟ ನೆಟ್ಟರೆ ಸಾಕಲ್ಲ ಅಂದ್ರು."

ಅವಳು ಒಳಗೆ ಹೋದಳು.

ಅವನಿಗೆ ಕೋಪ ನೆತ್ತಿಗೇರಿತು. ಇಷ್ಟು ವರ್ಷ ಎಲ್ಲರ ಪಾಲಿನದನ್ನೂ ತಾನೇ ಎಳೆದು, ಕೊನೆಗೆ ಅನ್ನಿಸಿಕೊಳ್ಳುವುದೂ ತಾನೇ? ಅಪ್ಪ ಹಾಗೆ ಹೇಳಿರಲಿಕ್ಕಿಲ್ಲ ಎಂದುಕೊಂಡ. ಇವಳೇ ಕಟ್ಟಿ ಹೇಳುತ್ತಿದ್ದಾಳೆ ಎಂದುಕೊಂಡ. ಅವಳ ಕಡೆಯೂ ನೋಡದೆ ಗರಗಸವನ್ನು ಹೆಗಲಿಗೆ ಹಾಕಿಕೊಂಡು ಕಮ್ಮಾರನ ಕುಲುಮೆಗೆ ನಡೆದ. ಅಲಗು ಎಲ್ಲೋ ಸೊಟ್ಟಗಾಗಿತ್ತು. ಅದಾದರೂ ನೆಟ್ಟಗಾಗಲಿ ಎಂದು ಹೊರಟಿದ್ದ.

ಕಮ್ಮಾರ ಮುದುಕ. ಊರಿನ ಗರಗಸಗಳ ಹಲ್ಲನ್ನೆಲ್ಲ ಅವನೇ ಮಸೆದು ಕೊಡುವವನು. ಅಲಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ.

"ಯಾರೋ ತಳ್ಳಿದಾರೆ" ಎಂದ. "ಎಳೆದ್ರೆ ಅಲಗು ನೆಟ್ಟಗೆ ಬಿಗಿಯಾಗ್ತದೆ. ತಳ್ಳಿದ್ರೆ ಮಾತ್ರ ಬಾಗೋದು."

"ಒಂಬತ್ತು ಜನ ಹಿಡಿದರು ಆ ಕಡೆ" ಎಂದ ಮರ ಕೊಯ್ಯುವವನು. "ಯಾವನು ತಳ್ಳಿದನೋ ಏನೋ."

ಕಮ್ಮಾರ ಗರಗಸವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಎರಡು ಹಿಡಿಗಳನ್ನೂ ಮುಟ್ಟಿ ನೋಡಿದ. ಒಂದು ಹಿಡಿ ಒಂದೇ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಕಪ್ಪಾಗಿ ನುಣುಪಾಗಿತ್ತು. ಇನ್ನೊಂದು ಹಿಡಿ ಹೊಸದಾಗಿ ಕೆತ್ತಿಸಿದ ಹಾಗೆ ಒರಟಾಗಿಯೇ ಇತ್ತು.

"ಈ ಕಪ್ಪು ಹಿಡಿ ಯಾರದು?"

"ನನ್ನದು."

"ಅಲಗು ಬಾಗಿರೋದು ಈ ಹಿಡಿ ಪಕ್ಕದಲ್ಲಿ" ಎಂದು ಕಮ್ಮಾರ ಬೆರಳಿಟ್ಟು ತೋರಿಸಿದ. ಸುತ್ತಿಗೆ ತೆಗೆದುಕೊಂಡ.

ಮರ ಕೊಯ್ಯುವವನು ಆ ಒರಟು ಹಿಡಿಯನ್ನೇ ನೋಡುತ್ತ ಕೂತ. ಒಂಬತ್ತು ಜನ ಹಿಡಿದ ಹಿಡಿ. ಯಾರ ಅಂಗೈಯೂ ಅದನ್ನು ಸವೆಸಿರಲಿಲ್ಲ. ಅದನ್ನು ಎಳೆದವರೇ ಇರಲಿಲ್ಲ. ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ ಅಪ್ಪನ ಕೈಗಳು ನೆನಪಾದವು. ಅಪ್ಪನಿಗೆ ಬಲ ಕಡಿಮೆಯಾಗಿತ್ತು, ಪೂರಾ ಹೋಗಿರಲಿಲ್ಲ. ಉಳಿದಿದ್ದ ಅಷ್ಟು ಬಲಕ್ಕೂ ಮಗ ಕೆಲಸ ಕೊಟ್ಟಿರಲಿಲ್ಲ. ಅವನಿಗೆ ಅಳು ಬಂತು. ಕಮ್ಮಾರನ ಎದುರೇ ಅತ್ತ. ಅಪ್ಪನಿಗೆ ಇನ್ನು ಸರದಿ ಬಿಟ್ಟುಕೊಡುವ ಹಾಗಿರಲಿಲ್ಲ.

ಅವನು ಮನೆಗೆ ಬಂದಾಗ ಹೆಂಡತಿ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಗಂಟು ಇತ್ತು. ರಾಗಿ ಕೇರಿ ತುಂಬಿಟ್ಟು ತವರಿಗೆ ಹೋಗುವವಳೆಂದು ನೋಡಿದವರಿಗೇ ತಿಳಿಯುತ್ತಿತ್ತು.

"ಒಂದೇ ಒಂದು ಸಲ ಬಂದು ಹಿಡಿ" ಎಂದ. "ನೀನು ಎಳಿ. ನಾನು ತಳ್ಳಲ್ಲ."

ಅವಳು ತಲೆ ಎತ್ತಲಿಲ್ಲ. "ರಾಗಿ ಮುಗೀಲಿ" ಎಂದಳು.

ಇನ್ನೂ ಅರ್ಧ ಮೂಟೆ ರಾಗಿ ಇತ್ತು. ಅವಳ ಕೈ ನಿಧಾನ. ಪಕ್ಕದಲ್ಲೇ ಇನ್ನೊಂದು ಮೊರ ಬಿದ್ದಿತ್ತು. ಎತ್ತಿಕೊಂಡು ತಾನೂ ಕೇರಿದರೆ ಅರ್ಧ ಗಳಿಗೆಯಲ್ಲಿ ಮುಗಿಯುತ್ತಿತ್ತು. ಅವನ ಕೈ ಮೊರದ ತನಕ ಹೋಯಿತು. ಎಷ್ಟೋ ವರ್ಷದ ಅಭ್ಯಾಸ, ಬಿಡು ಎಂದರೆ ಬಿಡುವುದೇ? ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಎರಡು ತೊಡೆಯ ನಡುವೆ ಇಟ್ಟುಕೊಂಡು ಕೂತ. ಮರ ಕೊಯ್ಯುವುದಕ್ಕಿಂತ ಹೀಗೆ ಕೂರುವುದು ಕಷ್ಟವಾಗಿತ್ತು. ಅವಳು ಒಂದು ಕಾಳೂ ಬಿಡದ ಹಾಗೆ ಕೇರಿ, ತುಂಬಿ, ಮೂಟೆಯ ಬಾಯಿ ತಾನೇ ಕಟ್ಟಿದಳು. ಅವನು ಗಂಟು ಸರಿಯಿದೆಯೇ ಎಂದು ನೋಡಲೂ ಇಲ್ಲ. ಆಮೇಲೆ ಅವಳು ಎದ್ದು ದಿಮ್ಮಿಯ ಹತ್ತಿರ ನಡೆದಳು.

ಅವನು ತನ್ನ ಕಡೆಗೆ ಎಳೆದುಕೊಂಡ. ಕೈ ಸಡಿಲ ಬಿಟ್ಟ.

ಗರಗಸ ಅಲ್ಲಾಡಲಿಲ್ಲ. ಅವಳು ಎಳೆದಳು. ಹುಣಸೆ ಗಟ್ಟಿ ಮರ, ಹೊಸ ಕೈ. ಗರಗಸ ಒಂದು ಗೇಣು ಹೋಗಿ ನಿಂತಿತು. ಅವನ ಅಂಗೈ ಜುಮ್ಮೆಂದಿತು. ಒಂದು ಚೂರು ತಳ್ಳಿದರೆ ಸಾಕಿತ್ತು, ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ. ಹಾಗೆಂದೇ ಅಲ್ಲವೇ ಅವನು ಅಪ್ಪನ ವಿಷಯದಲ್ಲೂ ಅಂದುಕೊಂಡಿದ್ದು? ಉಸಿರು ಬಿಗಿಹಿಡಿದು ಕಾದ. ಅವಳು ಕಾಲನ್ನು ದಿಮ್ಮಿಗೆ ಒತ್ತಿಕೊಂಡು ಮತ್ತೆ ಎಳೆದಳು. ಎರಡು ಗೇಣು ಹೋಯಿತು. ಅವನು ಎಳೆದುಕೊಂಡ, ಬಿಟ್ಟ. ಅವಳು ಎಳೆದುಕೊಂಡಳು, ಬಿಟ್ಟಳು.

ಮೊದಲ ತುಂಡು ಬೀಳುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅವನೊಬ್ಬನೇ ಎಳೆದು ತಳ್ಳಿದ್ದರೆ ಆ ಹೊತ್ತಿಗೆ ಮೂರು ಬೀಳುತ್ತಿದ್ದವು. ಆದರೆ ಒಂದು ಸಂಗತಿ ಅವನಿಗೆ ತಾನಾಗಿ ಗೊತ್ತಾಯಿತು. ಅವಳು ಎಳೆಯುವಾಗಲೆಲ್ಲ ತನ್ನ ತೋಳು ಸುಮ್ಮನಿತ್ತು. ಎಷ್ಟು ವರ್ಷಗಳ ಮೇಲೆ ಆ ತೋಳು ಹಗಲು ಹೊತ್ತಿನಲ್ಲಿ ಸುಮ್ಮನಿತ್ತು! ಆ ಬಿಡುವಿನಲ್ಲಿ ಅವನು ಎದುರು ಕೂತವಳ ಮುಖ ನೋಡಿದ. ಹಣೆಯ ಕುಂಕುಮ ಬೆವರಿಗೆ ಕದಡಿತ್ತು. ಅವಳು ಕೆಳತುಟಿ ಕಚ್ಚಿಕೊಂಡು ಎಳೆಯುತ್ತಿದ್ದಳು. ಇಷ್ಟು ವರ್ಷ ಇವನ ಕಣ್ಣು ಗರಗಸದ ಮೇಲೇ ಇತ್ತು, ಇವಳನ್ನು ನೋಡಿರಲಿಲ್ಲ.

ಅವಳು ಹಿಡಿ ಬಿಟ್ಟು ಭುಜ ಒತ್ತಿಕೊಂಡಳು.

"ಅಯ್ಯಪ್ಪಾ, ತೋಳು ಬಿದ್ದೇ ಹೋಯ್ತು. ಇದನ್ನ ಹೇಗೆ ಮಾಡ್ತಿದ್ರಿ ಇಷ್ಟು ವರ್ಷ?" ಎಂದಳು.

ಬೈಗುಳದ ಹಾಗೆ ಹೇಳಿದರೂ ಅವಳ ಮುಖದಲ್ಲಿ ನಗು ಇತ್ತು. ಅವನಿಗೂ ನಗು ಬಂತು, ಆದರೆ ನಗಲು ಶಕ್ತಿ ಇರಲಿಲ್ಲ. ಇಬ್ಬರೂ ಮರದ ಪುಡಿಯ ಮೇಲೇ ಕಾಲು ಚಾಚಿ ಕೂತರು. ಆಮೇಲೆ ಅವಳು ಎದ್ದು ಒಲೆ ಹಚ್ಚಲು ಹೋದಳು. ಅವನು ಅಲ್ಲೇ ಕೂತಿದ್ದ.

ಸ್ವಾಮಿಗಳು ಕತೆ ನಿಲ್ಲಿಸಿದರು.

ಗುರುಮಲ್ಲನಿಗೆ ದಪ್ಪಗೆ ಹೆಚ್ಚಿದ ಕಾಯಿಯ ನೆನಪು ಬಂತು. ತಾನು ಅದನ್ನು ಮತ್ತೆ ಹೆಚ್ಚುತ್ತಿದ್ದಾಗ ಆ ಇಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಕಣ್ಣಿಗೆ ಕಟ್ಟಿತು. ಆಗ ಅವರ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ, ಏಕೆಂದರೆ ಅವನು ತಲೆ ಎತ್ತಿರಲೇ ಇಲ್ಲ. ಆದರೂ ಹನ್ನೊಂದು ವರ್ಷ ಅಡುಗೆಮನೆ ನೋಡಿಕೊಂಡವನು, ಅಷ್ಟು ಸುಲಭಕ್ಕೆ ಬಿಡುವವನಲ್ಲ. ಅವನೊಳಗಿನ ಕೆಲಸಗಾರನಿಗೆ ಒಂದು ಅನುಮಾನ ಉಳಿದೇ ಇತ್ತು.

"ಒಂದು ಮಾತು ಬುದ್ಧಿ. ಅವಳದು ಹೊಸ ಕೈ. ಅವಳು ಎಳೆದ ಕಡೆ ಕೊಯ್ತ ಸೊಟ್ಟ ಆಗಲಿಲ್ಲವಾ?"

"ಆಯ್ತು ಕಣಪ್ಪ," ಎಂದರು ಸ್ವಾಮಿಗಳು, "ಆದರೆ ಮಾರನೇ ದಿನವೂ ಆ ಕಡೆ ಒಬ್ಬರಿದ್ದರು."